ಚಂದ್ರನ ಮುದ್ರೆ, ಮಂಚದ ಮುದ್ರೆ

ನಿದ್ರೆ ಬರುವುದಿಲ್ಲ ಎಂದು ಬಂದವರನ್ನು ನಾನು ಮೊದಲ ಇಪ್ಪತ್ತೊಂದು ವರ್ಷ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಎಷ್ಟು ದಿನದಿಂದ? ಹೊಟ್ಟೆ ಸರಿಯಾಗಿ ಹೋಗುತ್ತದೆಯೇ? ಆಮೇಲೆ ನಾಡಿ ಹಿಡಿದು, ನಾಲಿಗೆ ನೋಡಿ, ಚೀಟಿ ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಕೊನೆಯ ಒಂಬತ್ತು ವರ್ಷ ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ನೀವು ಮಲಗೋದು ಎಲ್ಲಿ, ಎಷ್ಟು ಹೊತ್ತಿಗೆ?" ಈ ಬದಲಾವಣೆಯ ನಡುವೆ ಒಬ್ಬ ಮನುಷ್ಯನ ನಾಲ್ಕು ಬೆರಳು ಹೋಗುವುದರಲ್ಲಿತ್ತು. ಆಯುರ್ವೇದ ಓದಿ ಈಗಷ್ಟೇ ಕುರ್ಚಿಯ ಮೇಲೆ ಕೂರುತ್ತಿರುವವರು ಓದಲಿ ಎಂದು ಅದನ್ನೇ ಬರೆಯುತ್ತಿದ್ದೇನೆ. ನನಗೆ ಹೊದೆಸಿದ ಶಾಲು, ಹಾಕಿದ ಹಾರಗಳ ಫೋಟೋ ನೋಡಬೇಕೆಂದಿದ್ದರೆ ಮನೆಗೆ ಬನ್ನಿ, ಚಹಾ ಕುಡಿಯುತ್ತಾ ತೋರಿಸುತ್ತೇನೆ. ಅವುಗಳ ಬಗ್ಗೆ ಇಲ್ಲಿ ಬರೆದರೆ ಯಾವ ರೋಗಿಗೂ ಗುಣವಾಗುವುದಿಲ್ಲ.

ನಮ್ಮದು ಗದಗಿನ ಕಡೆ. ಯಜಮಾನರಿಗೆ ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಲಿಂಗಂಪಲ್ಲಿಯಲ್ಲಿ ಮನೆ ಮಾಡಿದೆವು. ನನಗೆ ಸನತ್‌ನಗರದ ಒಂದು ಧರ್ಮಾರ್ಥ ಔಷಧಾಲಯದಲ್ಲಿ ವೈದ್ಯೆಯ ಕೆಲಸ ಸಿಕ್ಕಿತು. ಮೊದಲು ಬಸ್ಸು, ಆಮೇಲೆ ಲೋಕಲ್ ರೈಲು. ಮೂವತ್ತು ವರ್ಷ ಅದೇ ದಾರಿ. ಸಣ್ಣ ಸಣ್ಣ ಕಾರ್ಖಾನೆಗಳ ಬೆನ್ನಿಗೆ, ಕಾರ್ಮಿಕರ ಮನೆಗಳ ಸಾಲು ಶುರುವಾಗುವಲ್ಲಿ ನಮ್ಮ ಎರಡು ಕೋಣೆಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಯುನಾನಿ ಪದ್ಧತಿಯ ಹಕೀಮ ಸಾಹೇಬರು. ನಡುವೆ ಒಂದು ಕಿಟಕಿ. ಆ ಕಿಟಕಿಯ ಹಿಂದೆ ಯಾದಮ್ಮ ಕೂತು ನಮ್ಮಿಬ್ಬರ ಔಷಧಿಯನ್ನೂ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಹಕೀಮರು ಗುಲಾಬಿ ನೀರು ಎಂದರೆ ನಾನು ತ್ರಿಫಲ ಎನ್ನುತ್ತಿದ್ದೆ. ಯಾದಮ್ಮ ಇಬ್ಬರಿಗೂ "ಅಟ್ಲನೇ", ಹಾಗೇ ಆಗಲಿ, ಎಂದು ತಲೆಯಾಡಿಸುತ್ತಿದ್ದಳು. ತನ್ನ ತಲೆನೋವಿಗೆ ಮಾತ್ರ ಅಂಗಡಿಯ ಗುಳಿಗೆ ನುಂಗುತ್ತಿದ್ದಳು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮ ಮೇಲಧಿಕಾರಿ ಎಂದರೆ ಪಂಡಿತರು. ಔಷಧಾಲಯ ಶುರು ಮಾಡಿದವರಲ್ಲಿ ಅವರೂ ಒಬ್ಬರು. ವಾರಕ್ಕೊಮ್ಮೆ ಬಂದು, ಧೂಳು ಕೂತಿದೆಯೇ ಎಂದು ಕಪಾಟಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಓದು ಬಾರದ ರೋಗಿಗಳೇ ಹೆಚ್ಚಾಗಿದ್ದ ಕಾಲದಲ್ಲಿ ಅವರು ಎರಡು ರಬ್ಬರ್ ಮುದ್ರೆ ಮಾಡಿಸಿದ್ದರು. ಒಂದು ಸೂರ್ಯ, ಒಂದು ಚಂದ್ರ. ಸೂರ್ಯನ ಮುದ್ರೆಯ ಪೊಟ್ಟಣ ಬೆಳಿಗ್ಗೆ, ಚಂದ್ರನ ಮುದ್ರೆಯದು ಮಲಗುವಾಗ. ತೆಲುಗು, ಉರ್ದು, ಮರಾಠಿ, ಕನ್ನಡ ಯಾವ ಭಾಷೆಯವರಿಗೂ ಅರ್ಥವಾಗುವ ಉಪಾಯ. ಬಂದ ಅತಿಥಿಗಳಿಗೆಲ್ಲ ಪಂಡಿತರು ಆ ಮುದ್ರೆಗಳನ್ನು ತೋರಿಸುತ್ತಿದ್ದರು. ನನಗೂ ಅವುಗಳ ಮೇಲೆ ಹೆಮ್ಮೆಯೇ ಇತ್ತು. ಅವುಗಳ ಜೊತೆಗೆ ಪಥ್ಯದ ಚೀಟಿಯೊಂದನ್ನೂ ಅವರು ಅಚ್ಚು ಹಾಕಿಸಿದ್ದರು. ಹುಳಿ ಬೇಡ, ಕರಿದದ್ದು ಬೇಡ, ಹಗಲು ನಿದ್ರೆ ಬೇಡ ಎಂದು ಅದರಲ್ಲಿತ್ತು. ಯಾವ ರೋಗಕ್ಕೂ ಅದೇ ಚೀಟಿ. ಓದು ಬಾರದವರಿಗೆ ಯಾದಮ್ಮ ಬಾಯಲ್ಲಿ ಓದಿ ಹೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಬಸಣ್ಣ ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಕಣ್ಣು ಮಾತ್ರ ಕೆಂಪಗೆ, ಕೆಳಗೆ ಚೀಲ ಇಳಿದಿತ್ತು. ಹಿಂದಿಯಲ್ಲಿ ಶುರು ಮಾಡಿದವನು ಎರಡನೇ ಮಾತಿಗೇ ಎಡವಿ, ತನಗೆ ತಾನೇ "ಇದನ್ನ ಹೆಂಗ ಹೇಳಬೇಕಪ್ಪಾ" ಎಂದುಕೊಂಡ.

"ಕನ್ನಡದಾಗ ಹೇಳು," ಎಂದೆ.

ಅವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಅಯ್ಯ, ನೀವು ನಮ್ಮೋರs ಏನ್ರಿ ಅಕ್ಕಾರ! ನಾ ಸಿಂಧನೂರ ಕಡೆಯಾಂವರಿ. ಇಲ್ಲೇ ತಗಡು ಒತ್ತೂ ಪ್ರೆಸ್ಸಿನ ಕಾರ್ಖಾನ್ಯಾಗ ಕೆಲಸ ಮಾಡಾಕತ್ತೀನಿ. ನಿದ್ದಿ ಬರವಲ್ದ್ರಿ. ಭಾಳ ತ್ರಾಸ ಆಗೈತಿ."

ಇಲ್ಲಿ ನನ್ನ ಮೊದಲ ತಪ್ಪು. ಅದನ್ನು ಓದುವ ಹೊಸ ವೈದ್ಯರು ನಗಬಹುದು, ನಗಲಿ. ದಿನವಿಡೀ ತೆಲುಗು, ಹಿಂದಿ ಆಡಿ ಬಾಯಿ ಒಣಗಿದವಳಿಗೆ ಊರ ಕಡೆಯ ಮಾತು ಕಿವಿಗೆ ಬಿದ್ದ ಕೂಡಲೇ ನಾನು ವೈದ್ಯೆಯಾಗಿ ಉಳಿಯಲಿಲ್ಲ. ಸಿಂಧನೂರಿನ ಹತ್ತಿರ ಯಾವ ಊರು, ಗದಗಿಗೆ ಬಂದಿದ್ದೆಯಾ, ಹೆಂಡತಿ ಯಾವ ಕಡೆಯವಳು, ಇಲ್ಲಿ ಒಳ್ಳೆಯ ಬಿಳಿಜೋಳ ಎಲ್ಲಿ ಸಿಗುತ್ತದೆ, ಎಲ್ಲ ಕೇಳಿದೆ. ಹೆಂಡತಿ ನೀಲಮ್ಮ ದಿನಾ ರೊಟ್ಟಿ ಬಡಿಯುತ್ತಾಳೆ ಎಂದು ತಿಳಿದುಕೊಂಡೆ. ಅವನ ಪಾಳಿ ಯಾವುದು ಎಂಬ ಒಂದೇ ಪ್ರಶ್ನೆ ಕೇಳಲಿಲ್ಲ. ಹೊರಗೆ ಸಾಲು ಬೆಳೆದಿತ್ತು. ಅಶ್ವಗಂಧ, ಜಟಾಮಾಂಸಿ, ತಗರ ಸೇರಿಸಿದ ಚೂರ್ಣ ಬರೆದು, ಬಿಸಿ ಹಾಲಿನಲ್ಲಿ ಕುಡಿ ಎಂದು ಹೇಳಿ ಕಳಿಸಿದೆ. ತಗರ ಸ್ವಲ್ಪ ಹೆಚ್ಚೇ ಹಾಕಿಸಿದ್ದೆ, ನಮ್ಮ ಕಡೆಯ ಹುಡುಗ ಚೆನ್ನಾಗಿ ಮಲಗಲಿ ಎಂದು. ಯಾದಮ್ಮ ಪೊಟ್ಟಣ ಕಟ್ಟಿ ಚಂದ್ರನ ಮುದ್ರೆ ಒತ್ತಿ, ಪಥ್ಯದ ಚೀಟಿ ಓದಿ ಹೇಳಿದಳು.

ಐದು ದಿನ ಬಿಟ್ಟು ಬಸಣ್ಣ ಮತ್ತೆ ಬಂದ. ಕುರ್ಚಿಯ ಮೇಲೆ ಕೂರಲಿಲ್ಲ. ಜೇಬಿನಿಂದ ಒಂದು ಕೈಗವಸು ತೆಗೆದು ಮೇಜಿನ ಮೇಲಿಟ್ಟ. ದಪ್ಪ ಬಟ್ಟೆಯ ಕೈಗವಸು. ನಾಲ್ಕು ಬೆರಳುಗಳ ತುದಿ ರೊಟ್ಟಿಯಂತೆ ಚಪ್ಪಟೆಯಾಗಿ, ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಅವನ ಕೈ ನೋಡಿದೆ. ಬೆರಳು ಇದ್ದವು.

"ಬಾಜೂದಾಂವ ಮೊಣಕೈ ಹಿಡದ ಜಗ್ಗಿದಾರಿ," ಎಂದ. "ಕೈ ಬಂತು, ಗವಸ ಅಲ್ಲೇ ಉಳೀತು."

"ಏನಾತು ಹೇಳು."

"ನಂದು ರಾತ್ರಿ ಪಾಳಿರಿ. ಹೊಸದಾಗಿ ಬಂದಾವರಿಗೆಲ್ಲ ರಾತ್ರೀನs. ನಿಮ್ಮ ಔಷಧ ಮಷೀನ್ ಹತ್ರ ಹೋಗೂಕಿಂತ ಮುಂಚೆ ತಗೊಂತಿದ್ನಿ. ಥರ್ಮಾಸಿನ್ಯಾಗ ಹಾಲು ಒಯ್ತಿದ್ನಿ. ಮಷೀನ್ ಮುಂದ ನಿಂತಾಗ ಕಣ್ಣು ಮುಚ್ಚಿಬಿಟ್ವು."

"ಕೆಲಸಕ್ಕ ಹೋಗೂ ಮುಂದ ನಿದ್ದಿ ಔಷಧ ಯಾಕ ತಗೊಂಡ್ಯೋ ಮಾರಾಯ?"

"ಚಂದ್ರಾಮನ ಮುದ್ರಿ ಇತ್ತಲ್ರಿ. ರಾತ್ರಿ ತಗೊಂಡ್ರ ಮುಂಜಾನಿಗೆ ನಿದ್ದಿ ಬರ್ತೈತಿ, ಅದಕ್ಕs ಹಂಗ ಕೊಟ್ಟಾರ ಅಂತ ತಿಳಕೊಂಡ್ನಿ. ಓದಿದಾವ್ರಿಗೆ ಗೊತ್ತಿರ್ತೈತಿ ಅಂತ."

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಹಗಲು ನಿದ್ರೆ ಬೇಡ ಎಂದು ಚೀಟಿಯಲ್ಲಿ ಹೇಳಿದ್ದಾರಲ್ಲ, ಅದಕ್ಕೆ ಬೆಳಿಗ್ಗೆ ಮನೆಗೆ ಬಂದ ಮೇಲೆ ಕಣ್ಣು ಎಳೆಯುತ್ತಿದ್ದರೂ ಗೋಡೆಗೊರಗಿ ಎಚ್ಚರವಾಗಿಯೇ ಇರುತ್ತಿದ್ದ. ಬಡಪಾಯಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದ. ರಾತ್ರಿ ದುಡಿಯುವವನಿಗೆ ರಾತ್ರಿ ನಿದ್ರೆಯ ಔಷಧಿ ಕೊಟ್ಟು, ಹಗಲು ಮಲಗಬೇಡ ಎಂದು ಹೇಳಿ ಕಳಿಸಿದ ವೈದ್ಯೆ ಇಡೀ ಹೈದರಾಬಾದಿನಲ್ಲಿ ನಾನೊಬ್ಬಳೇ ಇರಬೇಕು. ರಾತ್ರಿ ಎಚ್ಚರವಿದ್ದವನು ಹಗಲು ಊಟಕ್ಕೆ ಮೊದಲು ಮಲಗಬಹುದು ಎಂದು ನಮ್ಮ ಶಾಸ್ತ್ರವೇ ಬಿಟ್ಟುಕೊಟ್ಟಿದೆ. ಅದನ್ನು ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಅಂಕ ತೆಗೆದುಕೊಂಡು ಮರೆತಿದ್ದೆ.

ಫೋರ್‌ಮನ್ ಅವನನ್ನು ಆವತ್ತೇ ಮಷೀನಿನಿಂದ ಇಳಿಸಿದ್ದರು. ಕುಡಿದು ಬಂದಿದ್ದಾನೆ ಎಂದು ಅವರ ಅನುಮಾನ. ಎರಡು ದಿನದಲ್ಲಿ ಲೆಕ್ಕ ಚುಕ್ತಾ ಮಾಡಿ ಕಳಿಸುವುದಾಗಿ ಹೇಳಿದ್ದರಂತೆ. ಮಗಳನ್ನು ಆ ವರ್ಷವೇ ಶಾಲೆಗೆ ಸೇರಿಸಿದ್ದ. "ಊರಿಗೆ ಹೋದ್ರ ಕುಡುಕ ಅಂತ ಹೆಸರು ಹೊತ್ಗೊಂಡs ಹೋಗಬೇಕ್ರಿ ಅಕ್ಕಾರ, ನಾ ಒಂದಿನಾನೂ ಕುಡದಾಂವಲ್ಲ," ಎಂದ. ನನಗೆ ಅಳು ಬಂತು. ರೋಗಿಯ ಎದುರು ವೈದ್ಯರು ಅಳಬಾರದು ಎನ್ನುತ್ತಾರೆ, ನಾನು ಅತ್ತೆ.

ಆ ದಿನವೇ ಪಂಡಿತರಿಗೆ ಫೋನು ಮಾಡಿದೆ. ಕಾರ್ಖಾನೆಗೆ ಹೋಗಿ ತಪ್ಪು ನನ್ನದೆಂದು ಹೇಳುತ್ತೇನೆ ಎಂದೆ. ಅವರು, ಮಲಗುವಾಗ ತೆಗೆದುಕೊಳ್ಳಬೇಕು ಎಂಬುದು ನಮ್ಮ ನಿಯಮ, ಅವನು ಕೆಲಸಕ್ಕೆ ಹೋಗುವಾಗ ತೆಗೆದುಕೊಂಡ, ತಪ್ಪು ಅವನದು, ಔಷಧಾಲಯದ ಹೆಸರು ಕೆಡಿಸಬೇಡಿ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮೆತ್ತಗೆ ಹೇಳಿದರು. ಅದೇ ಕಷ್ಟವಾಗಿದ್ದು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸುಮ್ಮನಿದ್ದಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಲಿಂಗಂಪಲ್ಲಿಗೆ ಹೋಗುವ ರೈಲಿನಲ್ಲಿ ಕೂತು ನನಗೆ ನಾನೇ ಹತ್ತು ಸಮಾಧಾನ ಹೇಳಿಕೊಂಡೆ. ಮನೆ ತಲುಪುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಕೈಗವಸು ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋದೆ. ಫೋರ್‌ಮನ್ ರೆಡ್ಡಿಗಾರು ಎಂದರೆ ಎತ್ತರದ ಮನುಷ್ಯ, ಹುಬ್ಬು ಸದಾ ಗಂಟು. ಮಷೀನುಗಳ ಸದ್ದಿನಲ್ಲಿ ಕೂಗಿ ಕೂಗಿ ತಪ್ಪು ಒಪ್ಪಿಕೊಳ್ಳಬೇಕಾಯಿತು. ಪಾಪನಿವೇದನೆಗೆ ಅಂಥ ಜಾಗ ಯಾರಿಗೂ ಬೇಡ. ಔಷಧಿ ಏನು, ಎಷ್ಟು, ಯಾಕೆ ತೂಕಡಿಕೆ ಬಂತು, ಎಲ್ಲವನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ.

ಅವರು ಕಾಗದ ಓದಿ, ನನ್ನನ್ನೇ ನೋಡಿ, "ತಪ್ಪು ಮೀದೇ ಅನಿ ಚೆಪ್ಪಡಾನಿಕಿ ಇಂತ ದೂರಂ ವಚ್ಚಾರಾ?" ಎಂದರು. ತಪ್ಪು ನಿಮ್ಮದೇ ಎಂದು ಹೇಳಲು ಇಷ್ಟು ದೂರ ಬಂದಿರಾ ಎಂದು ಅವರಿಗೆ ಆಶ್ಚರ್ಯ.

ಹೌದು ಎಂದೆ. ಅವರು ಯೋಚಿಸಿ ಹೇಳಿದ್ದು ಇಷ್ಟು: ಹದಿನೈದು ದಿನ ಬಸಣ್ಣನನ್ನು ಪ್ಯಾಕಿಂಗ್ ಮೇಜಿಗೆ ಹಾಕುತ್ತೇನೆ. ಪಾಳಿ ಬದಲಾಯಿಸಲು ಜಾಗವಿಲ್ಲ. ಹದಿನೈದನೆಯ ದಿನ ನಾನೇ ನೋಡುತ್ತೇನೆ. ಕಣ್ಣು ತೆರೆದಿದ್ದರೆ ಪ್ರೆಸ್ಸಿಗೆ ವಾಪಸ್, ಮುಚ್ಚಿದರೆ ಊರಿಗೆ. ಅದು ನ್ಯಾಯವೇ ಅನಿಸಿತು. ಏಳುವಾಗ ಅವರು ಬಾಗಿಲವರೆಗೆ ಬಂದರು. ಅತ್ತಿತ್ತ ನೋಡಿ, ಮಷೀನಿನ ಸದ್ದಿಗಿಂತ ಕೆಳಗಿನ ದನಿಯಲ್ಲಿ, "ಮೇಡಂ, ನಾಕು ಗೂಡ ನಿದ್ರ ಪಡ್ತಲೇದು," ಎಂದರು. ಅವರಿಗೂ ನಿದ್ರೆ ಬರುತ್ತಿರಲಿಲ್ಲ! ಸಂಜೆ ಬನ್ನಿ ಎಂದೆ. ಬಂದರು ಕೂಡ. ಎರಡು ಪಾಳಿಗಳ ಚಿಂತೆ ಹೊತ್ತುಕೊಂಡ ಮನುಷ್ಯ ದಿನಕ್ಕೆ ಹನ್ನೆರಡು ಲೋಟ ಚಹಾ ಕುಡಿಯುತ್ತಿದ್ದರು.

ಕಾರ್ಖಾನೆಯಿಂದ ಔಷಧಾಲಯಕ್ಕೆ ಬಂದವಳೇ ಹಕೀಮ ಸಾಹೇಬರ ಕೋಣೆಗೆ ಹೋಗಿ ಕೂತೆ. ಇಪ್ಪತ್ತು ವರ್ಷ ಪಕ್ಕದ ಕೋಣೆಯಲ್ಲಿದ್ದರೂ ರೋಗಿಯ ವಿಚಾರಕ್ಕೆ ಅವರ ಬಳಿ ಹೋದದ್ದು ಅದೇ ಮೊದಲು. ನನ್ನ ಶಾಸ್ತ್ರ ದೊಡ್ಡದು ಎಂಬ ಜಂಬ ನನಗೂ ಇತ್ತು, ಮುಚ್ಚಿಡುವುದೇನು. ಅವರು ಎಲ್ಲ ಕೇಳಿ, ಗಡ್ಡ ನೀವಿಕೊಂಡು, "ಡಾಕ್ಟರ್ನೀ ಸಾಹಿಬಾ, ಆಪ್ ನಬ್ಜ್ ದೇಖೇ, ಘರ್ ನೈ ದೇಖೇ," ಎಂದರು. ನಾಡಿ ನೋಡಿದಿರಿ, ಮನೆ ನೋಡಲಿಲ್ಲ ಎಂದು. ಬೈಗುಳವಾಗಿರಲಿಲ್ಲ, ಸಲಹೆಯಾಗಿತ್ತು. ಕಪಾಟಿನಿಂದ ಕುಂಬಳ ಬೀಜದ ಎಣ್ಣೆಯ ಸಣ್ಣ ಶೀಶೆ ತೆಗೆದು, ಇದನ್ನು ನೆತ್ತಿಗೆ ತಿಕ್ಕಿಸಿ, ಆದರೆ ಮೊದಲು ಹೋಗಿ ನೋಡಿ ಬನ್ನಿ ಎಂದರು.

ಹೋದೆ. ಯಾದಮ್ಮನೂ ಬಂದಳು, ಅವಳ ಮನೆಯೂ ಅದೇ ಗಲ್ಲಿಯಲ್ಲಿತ್ತು. ಸಿಮೆಂಟ್ ಶೀಟಿನ ಒಂದೇ ಕೋಣೆ. ನುಲಿಯ ಮಂಚ ಕಿಟಕಿಗೆ ಹತ್ತಿಕೊಂಡಿತ್ತು. ಹತ್ತು ಗಂಟೆಯ ಬಿಸಿಲು ನೇರವಾಗಿ ದಿಂಬಿನ ಮೇಲೆ. ಕಿಟಕಿಯ ಹೊರಗೆ ಎರಡು ಮಾರು ದೂರದಲ್ಲಿ ಗಲ್ಲಿಯ ನಲ್ಲಿ. ಒಂದು ಮನೆಯಲ್ಲಿ ಮಿಕ್ಸಿ, ಒಂದು ಮನೆಯಲ್ಲಿ ಟಿವಿ, ನಲ್ಲಿಯ ಬುಡದಲ್ಲಿ ಕೊಡಗಳ ಖಣಖಣ. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದು ಬಂದಳು. ಆ ರೊಟ್ಟಿ ಬಡಿಯುವ ಸದ್ದು ಎಷ್ಟು ಜೋರು ಎಂದು ನನಗೆ ಗೊತ್ತಾದದ್ದೂ ಆಗಲೇ.

"ಹಗಲೆಲ್ಲ ಮಲಗಾವ ಮೈಗಳ್ಳ ಅಂತ ಗಲ್ಲಿಯಾಗ ಆಡಿಕೊಂತಾರ್ರಿ," ಎಂದಳು. "ಯಾರರ ಬಾಗಲಾ ಬಡದ್ರ ಎದ್ದು ಕುಂದರ್ತಾನ. ಮಲಗಿದ್ನಿ ಅಂತ ಹೇಳಾಕ ನಾಚಿಗಿ ಅವಂಗ."

ನನ್ನ ಔಷಧಿಗೆ ಎದುರಾಗಿ ಇಷ್ಟು ಜನ ಸೇರಿದ್ದರು, ಅವರಲ್ಲಿ ನಾನೂ ಒಬ್ಬಳು. ಮಂಚವನ್ನು ಒಳಗೋಡೆಗೆ ಎಳೆಸಿದೆವು. ಕಿಟಕಿಗೆ ಕಪ್ಪು ಕಂಬಳಿ. ಪಾಳಿ ಮುಗಿದ ಮೇಲೆ ಗೆಳೆಯರ ಜೊತೆಯ ಚಹಾ ಬಂದ್. ಬೆಳಿಗ್ಗೆ ಬಂದ ಕೂಡಲೇ ಸ್ನಾನ, ನೆತ್ತಿಗೆ ಹಕೀಮರ ಎಣ್ಣೆ, ಅಂಗಾಲಿಗೆ ಬಿಸಿ ಎಳ್ಳೆಣ್ಣೆ, ಜಾಜಿಕಾಯಿ ಚೂರು ತೇಯ್ದ ಒಂದು ಲೋಟ ಹಾಲು, ನಿದ್ರೆ. ಊಟ ಎದ್ದ ಮೇಲೆ. ನೀಲಮ್ಮ ರೊಟ್ಟಿಯನ್ನು ಅವನು ಬರುವ ಮೊದಲೇ ಬಡಿದಿಡಬೇಕು. ತಗರದ ಚೂರ್ಣವನ್ನು ನಾನು ಪೂರ್ತಿ ನಿಲ್ಲಿಸಿದೆ. ಆ ಪೊಟ್ಟಣ ನೋಡಿದರೇ ನನಗೆ ಕೈಗವಸು ನೆನಪಾಗುತ್ತಿತ್ತು.

ಒಂದು ವಾರ ಕಳೆಯಿತು. ನಿದ್ರೆ ಎರಡು ತಾಸಿಗಿಂತ ಮೇಲೆ ಹೋಗಲಿಲ್ಲ. ಕಂಬಳಿ ಬೆಳಕನ್ನು ತಡೆಯಿತು, ಗಲ್ಲಿಯನ್ನು ತಡೆಯಲಿಲ್ಲ. ಬಸಣ್ಣ ಬಂದು ಮುಖ ಸಣ್ಣದು ಮಾಡಿಕೊಂಡು ಕೂತ. ನಾನು ಅವನ ಹಳೆಯ ಚೀಟಿಯನ್ನೇ ತಿರುವಿ ತಿರುವಿ ನೋಡಿದೆ. ಆಗ ಕಿಟಕಿಯ ಹಿಂದಿನಿಂದ ಯಾದಮ್ಮ, ಪೊಟ್ಟಣ ಕಟ್ಟುತ್ತಲೇ, "ಚಂದಮಾಮ ಎಂದುಕಮ್ಮಾ? ಮಂಚಂ ಬೊಮ್ಮ ಗೀಯುಂಡ್ರಿ," ಎಂದಳು. ಚಂದಮಾಮ ಯಾಕೆ, ಮಂಚದ ಚಿತ್ರ ಹಾಕಿ ಎಂದು. ರಾತ್ರಿ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲ, ಮಂಚಕ್ಕೆ ಹೋಗುವ ಹೊತ್ತು ಅವರವರಿಗೇ ಗೊತ್ತು ಎಂದು ಅವಳ ತೆಲುಗಿನಲ್ಲಿ ವಿವರಿಸಿದಳು. ಇಪ್ಪತ್ತು ವರ್ಷ ಆ ಮುದ್ರೆ ಒತ್ತಿದ ಕೈ ಅವಳದು. ನಾವು ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಆ ಸಂಜೆಯೇ ಅವಳು ಒಂದು ಆಲೂಗಡ್ಡೆ ಅರ್ಧ ಕತ್ತರಿಸಿ, ಚಾಕುವಿನ ಮೊನೆಯಿಂದ ನಾಲ್ಕು ಕಾಲಿನ ಮಂಚ ಕೆತ್ತಿ, ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿ ತೋರಿಸಿದಳು. ಮಂಚಕ್ಕಿಂತ ಎಮ್ಮೆಯಂತೆ ಕಾಣುತ್ತಿತ್ತು. ನಾನು ನಕ್ಕೆ, ಅವಳು ಮುಖ ಊದಿಸಿಕೊಂಡಳು. ಆದರೆ ಆ ಕಾಗದವನ್ನು ಎಸೆಯಲಿಲ್ಲ. ಮನೆಗೆ ಹೋಗುವಾಗ ಒಯ್ದು ಬಸಣ್ಣನ ಬಾಗಿಲಿಗೆ ಅಂಟಿಸಿದಳು. ಮರುದಿನ ನಲ್ಲಿಯ ಹತ್ತಿರ ನಿಂತು ಗಲ್ಲಿಯ ಹೆಂಗಸರಿಗೆಲ್ಲ ಭಾಷಣ ಮಾಡಿದಳಂತೆ: ಇದು ಔಷಧಾಲಯದ ಮುದ್ರೆ, ಈ ಕಾಗದ ಇರುವ ಬಾಗಿಲ ಹಿಂದೆ ಔಷಧಿ ನಡೆದಿದೆ, ಸದ್ದು ಮಾಡಿದರೆ ಔಷಧಿ ಕೆಡುತ್ತದೆ. ಮೈಗಳ್ಳ ಎಂದು ಆಡಿಕೊಂಡ ಗಲ್ಲಿ ಔಷಧಿ ಎಂದರೆ ಕೇಳಿತು. ನಿದ್ರೆಗೆ ಮರ್ಯಾದೆ ಕೊಡಿಸಬೇಕಾಗಿತ್ತು, ಅದು ನನ್ನ ಕೈಲಿ ಆಗಿರಲಿಲ್ಲ.

ಹದಿನಾಲ್ಕನೆಯ ದಿನದ ಮಾತಿಗೆ ಬರುವ ಮೊದಲು, ಆ ಮಂಚ ಮುಂದೆ ನನಗೆ ಏನೇನು ಕಲಿಸಿತು ಎಂದು ಒಂದೆರಡು ಹೇಳಿಬಿಡುತ್ತೇನೆ. ಪಂಡಿತರು ಮೊದಲು ಸಿಡಿಮಿಡಿಗೊಂಡರು. ಆಲೂಗಡ್ಡೆಯ ಮುದ್ರೆ ನೋಡಿ, ಇದೇನು ಔಷಧಾಲಯವೋ ತರಕಾರಿ ಅಂಗಡಿಯೋ ಎಂದರು. ನಾನು ವಾದಿಸಲಿಲ್ಲ, ಕೈಗವಸನ್ನು ಅವರ ಮುಂದಿಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎದ್ದು ಹೋದರು. ಮುಂದಿನ ವಾರ ಬರುವಾಗ ಜೇಬಿನಲ್ಲಿ ಮಂಚದ ರಬ್ಬರ್ ಮುದ್ರೆ ಇತ್ತು, ತಾವೇ ಮಾಡಿಸಿ ತಂದಿದ್ದರು. ಪಥ್ಯದ ಚೀಟಿಯಿಂದ ಹಗಲು ನಿದ್ರೆಯ ಸಾಲನ್ನು ತಮ್ಮ ಪೆನ್ನಿನಿಂದಲೇ ಹೊಡೆದು ಹಾಕಿದರು. ಆಮೇಲೆ ಬಂದ ಅತಿಥಿಗಳಿಗೆ ಮೂರು ಮುದ್ರೆ ತೋರಿಸತೊಡಗಿದರು. ಮೂರನೆಯದು ಯಾದಮ್ಮನದು ಎಂದು ಹೇಳುವುದನ್ನು ಮಾತ್ರ ಒಮ್ಮೆಯೂ ಮರೆಯಲಿಲ್ಲ. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರನ್ನು ದೊಡ್ಡವರು ಎನ್ನುವುದು ಅದಕ್ಕೇ.

ಕೆಲವು ವರ್ಷಗಳ ನಂತರ ಮಾದಾಪುರದ ಐಟಿ ಕಚೇರಿಗಳ ಹುಡುಗ ಹುಡುಗಿಯರೂ ಬರತೊಡಗಿದರು. ಒಬ್ಬ ಎಂಜಿನಿಯರ್ ಕೈಗಡಿಯಾರ ಮುಂದೆ ಚಾಚಿ, "ಮೇಡಂ, ನಿನ್ನೆ ನನ್ನ ಸ್ಲೀಪ್ ಸ್ಕೋರ್ ಬಹಳ ಕಮ್ಮಿ," ಎಂದ. ನಿನಗೆ ಹೇಗನಿಸಿತು ಎಂದು ಕೇಳಿದರೆ ಮತ್ತೆ ಗಡಿಯಾರ ನೋಡಿದ! ಮಂಚದ ಮೇಲೆ ಏನೇನಿದೆ ಎಂದು ವಿಚಾರಿಸಿದೆ. ಲ್ಯಾಪ್‌ಟಾಪು, ಎರಡು ಫೋನು, ಚಾರ್ಜರು, ಬಿರಿಯಾನಿ ತಿಂದ ಡಬ್ಬ. ಅಂಗಾಲಿಗೆ ಎಣ್ಣೆ ತಿಕ್ಕಿಕೊ ಎಂದೆ. ಎಣ್ಣೆಗಾಲಲ್ಲಿ ಎದ್ದು ಓಡಾಡುವಂತಿಲ್ಲ, ಎಣ್ಣೆಗೈಯಲ್ಲಿ ಫೋನು ಮುಟ್ಟುವಂತಿಲ್ಲ. ಆ ಚಿಕಿತ್ಸೆಯ ಅರ್ಧ ಗುಣ ಅಲ್ಲೇ ಇದೆ ಎಂದು ಅವನಿಗೆ ಹೇಳಲಿಲ್ಲ. ಮೂರು ವಾರದಲ್ಲಿ ಗಡಿಯಾರವಿಲ್ಲದೆ ಬಂದು, ಚೆನ್ನಾಗಿ ಮಲಗುತ್ತಿದ್ದೇನೆ ಎಂದ.

ಇನ್ನೊಬ್ಬರು ನಿವೃತ್ತ ಗುಮಾಸ್ತರು. ಅವರಿಗೆ ನಿದ್ರೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ಹಿಂದಿನ ನಾನಾಗಿದ್ದರೆ ಚೂರ್ಣ ಕಟ್ಟಿ ಕಳಿಸುತ್ತಿದ್ದೆ. ಈ ಸಲ, ನುಂಗುವ ಔಷಧಿಗಳನ್ನೆಲ್ಲ ಚೀಲದಲ್ಲಿ ಹಾಕಿ ತನ್ನಿ ಎಂದೆ. ರಕ್ತದೊತ್ತಡಕ್ಕೆ ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮಲಗುವಾಗ ನುಂಗುತ್ತಿದ್ದರು. ಅದನ್ನು ಬರೆದುಕೊಟ್ಟ ಡಾಕ್ಟರ ಬಳಿಗೇ ಕಳಿಸಿದೆ, ಅವರು ಬೆಳಗಿನ ಹೊತ್ತಿಗೆ ಬದಲಾಯಿಸಿದರು, ಕಥೆ ಮುಗಿಯಿತು. ನನ್ನ ಔಷಧಿ ಒಂದು ಚಿಟಿಕೆಯೂ ಬೇಕಾಗಲಿಲ್ಲ. ಗೊರಕೆಯ ನಡುವೆ ಉಸಿರೇ ನಿಲ್ಲುತ್ತಿದ್ದ ಒಬ್ಬ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ್ದಕ್ಕೆ ಅವರ ಮಗ ಇವತ್ತಿಗೂ ಹಬ್ಬಕ್ಕೆ ಫೋನು ಮಾಡುತ್ತಾನೆ. ವರ್ಷಗಟ್ಟಲೆ ನಿದ್ರೆ ಮಾತ್ರೆ ನುಂಗುವವರು ಬಂದರೆ ಅದನ್ನು ತಟಕ್ಕನೆ ಬಿಡಿಸಬೇಡಿ, ಬರೆದುಕೊಟ್ಟವರ ಜೊತೆ ಮಾತಾಡಿ. ನಮ್ಮ ಬೇರು ತೊಗಟೆಗಳಲ್ಲಿ ಶಕ್ತಿಯಿದೆ ಎಂದು ನಾನು ಈಗಲೂ ನಂಬುತ್ತೇನೆ. ಶಕ್ತಿಯಿದೆ ಎಂಬುದಕ್ಕೆ ಕೈಗವಸೇ ಸಾಕ್ಷಿ.

ಈಗ ಹದಿನಾಲ್ಕನೆಯ ದಿನ. ಮರುದಿನ ರೆಡ್ಡಿಗಾರು ಬಸಣ್ಣನನ್ನು ಪರೀಕ್ಷಿಸುವವರಿದ್ದರು. ಮಧ್ಯಾಹ್ನ ಮೂರಕ್ಕೆ ಬಂದು ತೋರಿಸಿ ಹೋಗು ಎಂದು ಹೇಳಿದ್ದೆ. ಎಂದೂ ಹೇಳಿದ ಹೊತ್ತು ತಪ್ಪಿಸಿದವನಲ್ಲ. ಮೂರಾಯಿತು, ಮೂರೂವರೆಯಾಯಿತು. ಬರಲಿಲ್ಲ. ಆ ದಿನ ಯಾದಮ್ಮನೂ ರಜೆ, ಕೇಳಲು ಯಾರೂ ಇಲ್ಲ. ನನ್ನ ತಲೆಯಲ್ಲಿ ಕೆಟ್ಟದ್ದೇ ಓಡುತ್ತಿತ್ತು. ಸೋತು ಊರಿಗೆ ಹೊರಟುಬಿಟ್ಟನೇ? ಪ್ಯಾಕಿಂಗ್ ಮೇಜಿನಲ್ಲೂ ತೂಕಡಿಸಿ ಸಿಕ್ಕಿಬಿದ್ದನೇ? ಕೊನೆಗೆ ಹಕೀಮ ಸಾಹೇಬರೇ, ನಿಮ್ಮ ರೋಗಿಗಳನ್ನು ನಾನು ನೋಡುತ್ತೇನೆ, ಹೋಗಿ ಎಂದರು. ನಾನು ಹೆಚ್ಚುಕಡಿಮೆ ಓಡಿದೆ.

ಗಲ್ಲಿಯ ಬಾಯಿಗೆ ಬಂದಾಗ ಏನೋ ವಿಚಿತ್ರ ಅನಿಸಿತು. ನಲ್ಲಿಯಲ್ಲಿ ನೀರು ಬರುತ್ತಿತ್ತು. ನಾಲ್ಕೈದು ಹೆಂಗಸರು ಸಾಲಾಗಿ ನಿಂತಿದ್ದರು. ಆದರೆ ಕೊಡದ ಸದ್ದಿಲ್ಲ. ನೋಡಿದರೆ ಕೊಡದ ಬುಡಕ್ಕೆ ಮಡಿಸಿದ ಗೋಣಿಚೀಲ ಹಾಸಿದ್ದರು. ನೀರು ಕಲ್ಲಿಗೆ ಬೀಳದಂತೆ ನಲ್ಲಿಗೆ ಒಂದು ಬಟ್ಟೆ ಕಟ್ಟಿದ್ದರು, ಆ ಬಟ್ಟೆಯಗುಂಟ ನೀರು ಮೆಲ್ಲಗೆ ಇಳಿಯುತ್ತಿತ್ತು. ಟಿವಿ ಇರಲಿಲ್ಲ. ಮಿಕ್ಸಿ ಇರಲಿಲ್ಲ. ಒಬ್ಬಳು ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಬಸಣ್ಣನ ಬಾಗಿಲಿನಲ್ಲಿ ಆ ಎಮ್ಮೆಯಂಥ ಮಂಚದ ಕಾಗದ. ಹೊಸ್ತಿಲ ಮೇಲೆ ನೀಲಮ್ಮ ಕೂತಿದ್ದಳು, ಮಗಳು ಅವಳ ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಬರೆಯುತ್ತಿದ್ದಳು.

"ಎಲ್ಲಿ ಅವ?" ಎಂದೆ ಗಾಬರಿಯಿಂದ.

"ಮೆಲ್ಲಕ ಮಾತಾಡ್ರಿ ಅಕ್ಕಾರ," ಎಂದಳು ಪಿಸುದನಿಯಲ್ಲಿ. "ಮುಂಜಾನಿ ಎಂಟಕ್ಕ ಮಲಗ್ಯಾನ. ಇನ್ನಾ ಎದ್ದಿಲ್ಲ. ನಿಮ್ಮ ಹಂತ್ಯಾಕ ಹೋಗಬೇಕು, ಎಬ್ಬಸಬೇಕು ಅಂತ ಎರಡ ಸಲ ಹ್ವಾದ್ನಿ. ಮನಸs ಬರಲಿಲ್ರಿ."

ಒಳಗಿನಿಂದ ಗೊರಕೆ ಕೇಳಿಸಿತು. ಹದವಾದ, ನೆಮ್ಮದಿಯ ಗೊರಕೆ. ಮೂವತ್ತು ವರ್ಷದ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಸದ್ದು ನಾನು ಕೇಳಿಲ್ಲ. ಚಪ್ಪಲಿ ಬಿಟ್ಟು ನೀಲಮ್ಮನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೆ. ಒಬ್ಬಳು ಹೆಂಗಸು ಲೋಟದಲ್ಲಿ ಚಹಾ ತಂದುಕೊಟ್ಟು ಸದ್ದಿಲ್ಲದೆ ಹೋದಳು.

ನಾಲ್ಕೂವರೆಗೆ ಬಾಗಿಲು ತೆರೆಯಿತು. ಬಸಣ್ಣ ಲುಂಗಿ ಬಿಗಿದುಕೊಳ್ಳುತ್ತಾ, ಕಣ್ಣುಜ್ಜುತ್ತಾ ಹೊರಗೆ ಬಂದ. ಹೊಸ್ತಿಲಲ್ಲಿ ನನ್ನನ್ನು ಕಂಡವನೇ ಬೆಚ್ಚಿಬಿದ್ದು ಎರಡೂ ಕೈ ಜೋಡಿಸಿದ.

"ಅಯ್ಯ ಅಕ್ಕಾರ, ತಪ್ಪಾತ್ರಿ! ಮೂರಕ್ಕ ಬರಬೇಕಾಗಿತ್ತು. ನಿದ್ದಿ ಹತ್ತಿಬಿಡ್ತು. ಈ ಸಲ ಹೊಟ್ಟ್ಯಾಗ ಹಾಕ್ಕೊರ್ರಿ, ಇನ್ನೊಮ್ಮೆ ಹಿಂಗ ಮಾಡೂದಿಲ್ಲ."

ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೆ ನಗುವೂ ಬಂತು, ಅಳುವೂ ಬಂತು. "ದಿನಾ ಹಿಂಗs ಮಾಡಪ್ಪಾ," ಎಂದೆ.

ಮರುದಿನ ರೆಡ್ಡಿಗಾರು ಅವನನ್ನು ಪಾಳಿಯುದ್ದಕ್ಕೂ ನೋಡಿ, ಒಂದು ಜೊತೆ ಹೊಸ ಕೈಗವಸು ಕೊಟ್ಟು ಪ್ರೆಸ್ಸಿಗೆ ಕಳಿಸಿದರಂತೆ. ನಾನು ನಿವೃತ್ತಳಾಗುವ ಹೊತ್ತಿಗೆ ಆ ಗಲ್ಲಿಯಲ್ಲಿ ಏಳು ಬಾಗಿಲುಗಳ ಮೇಲೆ ಮಂಚದ ಕಾಗದವಿತ್ತು. ಹಳೆಯ ಕೈಗವಸು ನನ್ನ ಬಳಿಯೇ ಉಳಿದಿದೆ. ನಿಮ್ಮಲ್ಲಿ ಯಾರಾದರೂ ಮನೆಗೆ ಬಂದರೆ, ಶಾಲು ಹಾರಗಳ ಫೋಟೋ ಹುಡುಕುವುದಕ್ಕೆ ಮೊದಲು ಅದನ್ನು ನಿಮ್ಮ ಕೈಗೆ ಕೊಡುತ್ತೇನೆ.